ಹಾಡಿದವರು ಯಾರೋ, ಕುಣಿದವರು ಯಾರೋ

ಮಂತ್ರಾಲಯಕ್ಕೆ ಹೋಗಿ ಬರುವ ನಮ್ಮ ಕಡೆಯ ಯಾತ್ರಿಕರಲ್ಲಿ ಹೆಚ್ಚಿನವರಿಗೆ ತಾವು ಕರ್ನಾಟಕದ ಗಡಿ ದಾಟಿದ್ದು ಲಕ್ಷ್ಯಕ್ಕೇ ಬರುವುದಿಲ್ಲ. ಮಠದ ಬೀದಿಯ ಅಂಗಡಿಯಲ್ಲಿ ಕನ್ನಡ, ಛತ್ರದ ಗುಮಾಸ್ತರ ಬಾಯಿಯಲ್ಲಿ ಕನ್ನಡ, ಧ್ವನಿವರ್ಧಕದಲ್ಲಿಯೂ ಕನ್ನಡ. ಆದರೆ ಊರು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯದು. ಹಿಂದೆ ಮಂಚಾಲೆಯೆಂದು ಕರೆಯುತ್ತಿದ್ದ ಈ ಗ್ರಾಮ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ, ಆದೋನಿ ತಾಲೂಕಿನಲ್ಲಿ ಇತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯನ್ನು ಒಡೆದರು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು, ಉಳಿದವು ಮೈಸೂರಿಗೆ ಸೇರಿದವು. ಕಾಸರಗೋಡಿನವರಿಗೆ 1956ರ ನವೆಂಬರ್ 1ರಂದು ಏನಾಯಿತೋ ಅದು ಆದೋನಿಯವರಿಗೆ ಮೂರು ವರ್ಷ ಮೊದಲೇ ಆಗಿ ಹೋಗಿತ್ತು.

ಗಡಿಯ ವಿವಾದವನ್ನು ಇಲ್ಲಿ ಮತ್ತೆ ಕೆದಕುವ ಉದ್ದೇಶವಿಲ್ಲ. ಆ ಧ್ವನಿವರ್ಧಕದಿಂದ ಬರುವ ಹಾಡು ಯಾರದು ಎಂಬುದಷ್ಟೇ ಈ ಲೇಖನದ ವಿಚಾರ.

ಅಲ್ಲಿ ಹೆಚ್ಚಾಗಿ ಕೇಳಿಬರುವ ಹಾಡುಗಳಲ್ಲಿ ‘ಇಂದು ಎನಗೆ ಗೋವಿಂದ’ ಒಂದು. ‘ಧೀರ ವೇಣುಗೋಪಾಲ’ ಎಂಬ ಅಂಕಿತದ ಈ ಕೃತಿ ರಾಘವೇಂದ್ರ ಸ್ವಾಮಿಗಳದೇ ರಚನೆಯೆಂದು ಪ್ರಸಿದ್ಧಿ. ಸ್ವಾಮಿಗಳು ವೃಂದಾವನಸ್ಥರಾದದ್ದು 1671ರಲ್ಲಿ. ಅದಾಗಿ ಮೂರು ಶತಮಾನಗಳ ಅನಂತರ, 1966ರಲ್ಲಿ, ಟಿ. ವಿ. ಸಿಂಗ್ ಠಾಕೂರರು ‘ಮಂತ್ರಾಲಯ ಮಹಾತ್ಮೆ’ ಚಿತ್ರವನ್ನು ನಿರ್ದೇಶಿಸಿದರು. ತೆರೆಯ ಮೇಲೆ ಸ್ವಾಮಿಗಳಾಗಿ ಕಾಣಿಸಿಕೊಂಡವರು ರಾಜಕುಮಾರ್. ಸಂಗೀತ ರಾಜನ್–ನಾಗೇಂದ್ರ ಸಹೋದರರದು. ಆ ಹಾಡಿನ ಕಂಠ ಪಿ. ಬಿ. ಶ್ರೀನಿವಾಸರದು. ಸಿನಿಮಾ ಬಂದುಹೋಯಿತು, ಆದರೆ ಹಾಡು ಹೋಗಲಿಲ್ಲ. ಸಿನಿಮಾ ನೋಡದ ಎರಡು ತಲೆಮಾರು ಈಗ ಅದನ್ನು ದೇವರ ಮನೆಯಲ್ಲಿ ಹಾಡುತ್ತದೆ.

ರಾಜನ್–ನಾಗೇಂದ್ರರು ಮೈಸೂರಿನ ಶಿವರಾಂಪೇಟೆಯವರು. ರಾಜನ್ ಹುಟ್ಟಿದ್ದು 1933ರಲ್ಲಿ, ನಾಗೇಂದ್ರ 1935ರಲ್ಲಿ. ಅವರ ತಂದೆ ರಾಜಪ್ಪನವರು ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಮುಂದೆ ಕುಳಿತು ಹಾರ್ಮೋನಿಯಂ, ಕೊಳಲು ನುಡಿಸುತ್ತಿದ್ದವರು. ಪರದೆಯ ಮೇಲಿನ ಮೂಗನಿಗೆ ಕೆಳಗೆ ಕುಳಿತವನು ದನಿ ಕೊಡುವ ಕೆಲಸ ಹೀಗೆ ಆ ಮನೆಯಲ್ಲಿ ಮೊದಲಿನಿಂದಲೇ ಇತ್ತೆನ್ನಬಹುದು. ಅಣ್ಣ ಪಿಟೀಲು ಕಲಿತರು, ತಮ್ಮ ಜಲತರಂಗ ಕಲಿತರು. ‘ಸೌಭಾಗ್ಯಲಕ್ಷ್ಮಿ’ ಚಿತ್ರದಿಂದ 1950ರ ದಶಕದ ಆರಂಭದಲ್ಲಿ ತೊಡಗಿದ ಜೋಡಿ ‘ಗಂಧದ ಗುಡಿ’, ‘ಎರಡು ಕನಸು’, ‘ಬಯಲು ದಾರಿ’, ‘ಹೊಂಬಿಸಿಲು’ ಎಂದು ಸಾಗಿತು. ‘ನಾ ನಿನ್ನ ಬಿಡಲಾರೆ’ ಬಂದದ್ದು 1979ರಲ್ಲಿ. ದೆವ್ವ ಹಿಡಿದ ನಾಯಕನಿಗೆ ಬಿಡುಗಡೆ ಸಿಗುವುದು ಅದರಲ್ಲಿಯೂ ಮಂತ್ರಾಲಯದಲ್ಲಿಯೇ. ಆ ಚಿತ್ರ ನೋಡಿ ಹೆದರಿ, ಗುರುವಾರ ಬಂತೆಂದರೆ ಹಣೆಗೆ ಅಕ್ಷತೆ ಇಟ್ಟುಕೊಳ್ಳತೊಡಗಿದವರು ನಮ್ಮೂರಿನಲ್ಲಿಯೂ ಇದ್ದರು.

ಆದರೆ ಈ ಹಾಡುಗಳೆಲ್ಲ ಎಲ್ಲಿ ಹುಟ್ಟಿದವು? ಮೈಸೂರಿನಲ್ಲಿ ಅಲ್ಲ, ಮಂತ್ರಾಲಯದಲ್ಲಿಯೂ ಅಲ್ಲ. ಆ ಕಾಲದ ಕನ್ನಡ ಚಿತ್ರಗೀತೆಗಳಲ್ಲಿ ಬಹುಪಾಲು ಮದರಾಸಿನಲ್ಲಿ ಧ್ವನಿಮುದ್ರಣಗೊಂಡವು. ಹಾಡಿದವರಲ್ಲಿಯೂ ಮುಖ್ಯರಾದವರು ಆಂಧ್ರದ ಕಡೆಯವರು. ಪಿ. ಬಿ. ಶ್ರೀನಿವಾಸ್ ಕಾಕಿನಾಡದಲ್ಲಿ 1930ರಲ್ಲಿ ಹುಟ್ಟಿದವರು. ಎಸ್. ಜಾನಕಿ ಗುಂಟೂರು ಜಿಲ್ಲೆಯವರು. ಪಿ. ಸುಶೀಲಾ ವಿಜಯನಗರಂನವರು. ಎಸ್. ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರಿನ ಕಡೆಯ ತೆಲುಗು ಮನೆತನದವರು, ಕನ್ನಡಕ್ಕೆ ಬಂದದ್ದು 1967ರ ‘ನಕ್ಕರೆ ಅದೇ ಸ್ವರ್ಗ’ದಲ್ಲಿ. ಅಂದರೆ ಆದೋನಿಯ ಕನ್ನಡದ ಮನೆಗೆ ಕನ್ನಡವನ್ನು ಹೊತ್ತು ತಂದ ದನಿಗಳೆಲ್ಲ ತೆಲುಗರ ದನಿಗಳೇ! ಸುತ್ತಲಿನ ಭಾಷೆ ನಮ್ಮ ಭಾಷೆಯನ್ನು ನುಂಗುತ್ತದೆಂದು ಕೊರಗುವ ನಮ್ಮಂಥವರು ಒಂದು ಕ್ಷಣ ನಿಂತು ಯೋಚಿಸಬೇಕಾದ ಸಂಗತಿಯಿದು.

ಮದರಾಸಿನ ಆ ಕೋಣೆಗಳಲ್ಲಿ ಕೆಲಸ ನಡೆಯುತ್ತಿದ್ದ ಕ್ರಮವನ್ನೂ ಸ್ವಲ್ಪ ಹೇಳಬೇಕು. ಪಿಟೀಲಿನವರು, ತಬಲದವರು, ಕೊಳಲಿನವರು, ಗಾಯಕರು ಎಲ್ಲರೂ ಒಟ್ಟಿಗೆ ಒಂದೇ ಹೊತ್ತಿಗೆ ನುಡಿಸಿ ಹಾಡಬೇಕು. ಮೂರನೆಯ ಚರಣದಲ್ಲಿ ಒಬ್ಬನ ಕಮಾನು ತಪ್ಪಿತೆಂದರೆ ಮತ್ತೆ ಪಲ್ಲವಿಯಿಂದಲೇ ಆರಂಭ. ಹಾಡುವವರ ಕೈಯಲ್ಲಿ ಇರುತ್ತಿದ್ದ ಕಾಗದದಲ್ಲಿ ಕನ್ನಡದ ಸಾಹಿತ್ಯವನ್ನು ಅವರವರಿಗೆ ಅನುಕೂಲವಾದ ಲಿಪಿಯಲ್ಲಿ ಬರೆದುಕೊಳ್ಳುವುದೂ ಚಿತ್ರಗೀತೆಯ ಲೋಕದಲ್ಲಿ ವಾಡಿಕೆಯೇ. ಪಿ. ಬಿ. ಶ್ರೀನಿವಾಸರಂತೂ ಕನ್ನಡವನ್ನು ಓದಿ ಬರೆದು, ಅನೇಕ ಭಾಷೆಗಳಲ್ಲಿ ಪದ್ಯ ಕಟ್ಟುವಷ್ಟು ಬೆಳೆದರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದ ರಾಜಕುಮಾರರೇ ತಮ್ಮ ಹಾಡು ಹಾಡಿಕೊಳ್ಳುವ ಪದ್ಧತಿ ಬಲವಾಗುವ ತನಕ ತೆರೆಯ ಮೇಲಿನ ರಾಜಕುಮಾರರ ಕಂಠವೆಂದರೆ ಶ್ರೀನಿವಾಸರದೇ. ತಾನು ಬರೇ ಶರೀರ, ಶಾರೀರ ಶ್ರೀನಿವಾಸರದು ಎಂದು ರಾಜಕುಮಾರರು ಹೇಳುತ್ತಿದ್ದುದನ್ನು ಕೇಳದ ಕನ್ನಡಿಗನಿಲ್ಲ.

ಇದೇ ಹೊತ್ತಿಗೆ ಯುರೋಪಿನಲ್ಲಿಯೂ ಒಬ್ಬಾತ ಇಂಥದೇ ಒಂದು ಏರ್ಪಾಡು ಮಾಡುತ್ತಿದ್ದ. ಅವನ ಕಥೆ ನಮ್ಮ ಓದುಗರಲ್ಲಿ ಕೆಲವರಿಗಾದರೂ ಬೇಕಾದೀತು. ಏಕೆಂದರೆ ಕಾಸರಗೋಡಿನ ಮನೆಗಳಿಗೆ ಆ ಹಾಡು ಗಲ್ಫಿನ ಪೆಟ್ಟಿಗೆಯಲ್ಲಿ ಬಂದಿದೆ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನಮ್ಮ ನೆರೆಮನೆಯವರು ರಜೆಯಲ್ಲಿ ಬರುವಾಗ ಟೇಪ್‌ರೆಕಾರ್ಡರ್ ತಂದಿದ್ದರು. ಅದರಲ್ಲಿ ಮಾಪ್ಪಿಳಪ್ಪಾಟ್ಟು ಮುಗಿದರೆ ಇಂಗ್ಲಿಷ್ ಹಾಡು. ಅದು ಬೋನಿ ಎಂ. ಎಂಬ ಡಿಸ್ಕೋ ತಂಡದ್ದೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಪಶ್ಚಿಮ ಜರ್ಮನಿಯ ಫ್ರಾಂಕ್ ಫಾರಿಯಾನ್ ಎಂಬವನ ಹುಟ್ಟುಹೆಸರು ಫ್ರಾನ್ಸ್ ರಾಯ್ಟರ್. 1941ರಲ್ಲಿ ಹುಟ್ಟಿದವನು, ಕಲಿತ ಕಸುಬು ಅಡಿಗೆಯದು. 1975ರಲ್ಲಿ ಅವನೊಂದು ಕುಣಿತದ ಹಾಡಿನ ರೆಕಾರ್ಡನ್ನು ಹೊರತಂದ. ಅದರಲ್ಲಿ ಗಂಡಸಿನ ದಪ್ಪ ದನಿಯೂ ಅವನದೇ, ಹೆಂಗಸಿನಂಥ ಎತ್ತರದ ದನಿಯೂ ಅವನದೇ. ರೆಕಾರ್ಡಿನ ಮೇಲೆ ತನ್ನ ಹೆಸರು ಹಾಕದೆ ಬೋನಿ ಎಂ. ಎಂದು ಹಾಕಿದ. ಆಸ್ಟ್ರೇಲಿಯದ ಒಂದು ಪತ್ತೇದಾರಿ ಟೆಲಿವಿಷನ್ ಧಾರಾವಾಹಿಯಿಂದ ಎತ್ತಿಕೊಂಡ ಹೆಸರದು. ಹಾಡು ಹಾಲೆಂಡಿನಲ್ಲಿ, ಬೆಲ್ಜಿಯಮ್ಮಿನಲ್ಲಿ ಓಡಿತು. ಟೆಲಿವಿಷನ್ನಿನವರು ತಂಡವನ್ನು ಕಳಿಸಿರೆಂದರು. ತಂಡ ಎಲ್ಲಿದೆ? ಇದ್ದವನು ಇವನೊಬ್ಬನೇ.

ಆಗ ಹುಡುಕಾಟ ಆರಂಭವಾಯಿತು. ಕೊನೆಗೆ ನಿಂತವರು ನಾಲ್ವರು. ಜಮೈಕಾ ಮೂಲದ ಲಿಜ್ ಮಿಚೆಲ್ ಮತ್ತು ಮಾರ್ಸಿಯ ಬ್ಯಾರೆಟ್, ಮಾಂಟ್‌ಸೆರಾಟ್ ದ್ವೀಪದ ಮೇಜಿ ವಿಲಿಯಮ್ಸ್, ಅರೂಬಾ ದ್ವೀಪದ ಬಾಬಿ ಫಾರೆಲ್. ನಾಲ್ವರೂ ಕೆರಿಬಿಯನ್ ಸಮುದ್ರದ ದ್ವೀಪಗಳಿಂದ ಯುರೋಪಿಗೆ ಹೊಟ್ಟೆಪಾಡಿಗೆ ಬಂದವರು. ಇವರಲ್ಲಿ ರೆಕಾರ್ಡಿನಲ್ಲಿ ಹಾಡಿದವರು ಮಿಚೆಲ್ ಮತ್ತು ಬ್ಯಾರೆಟ್ ಇಬ್ಬರೇ. ಗಂಡು ದನಿ ಫಾರಿಯಾನನದು. ವೇದಿಕೆಯಲ್ಲಿ ಮೈ ಮುರಿದು ಕುಣಿಯುತ್ತ, ಆ ದಪ್ಪ ದನಿಗೆ ತುಟಿಯಾಡಿಸುತ್ತಿದ್ದವನು ಫಾರೆಲ್. ಜನ ಕಂಡದ್ದು ಅವನನ್ನು. ಇಂದಿಗೂ ಬೋನಿ ಎಂ. ಎಂದರೆ ಕಣ್ಣಿಗೆ ಕಟ್ಟುವುದು ಆತನ ಕುಣಿತವೇ.

1976ರಲ್ಲಿ ‘ಡ್ಯಾಡಿ ಕೂಲ್’, 1977ರಲ್ಲಿ ‘ಮಾ ಬೇಕರ್’, 1978ರಲ್ಲಿ ‘ರಾಸ್‌ಪುಟಿನ್’. 1978ರ ಡಿಸೆಂಬರಿನಲ್ಲಿ ಸೋವಿಯತ್ ಸರಕಾರ ಕೂಡ ಇವರನ್ನು ಮಾಸ್ಕೋಗೆ ಕರೆಸಿಕೊಂಡಿತು, ರಾಸ್‌ಪುಟಿನ್ ಹಾಡನ್ನು ಮಾತ್ರ ಅಲ್ಲಿ ಹಾಡಲಿಲ್ಲ. ಈ ಸಂಗೀತದ ಗುಟ್ಟೇನೂ ದೊಡ್ಡದಲ್ಲ. ತಾಳದ ನಾಲ್ಕು ಮಾತ್ರೆಗಳಿಗೂ ದೊಡ್ಡ ಡೋಲಿನ ಪೆಟ್ಟು ಸಮನಾಗಿ ಬೀಳುತ್ತದೆ, ಯಾರಿಗೂ ಕಾಲು ತಪ್ಪುವ ಭಯವಿಲ್ಲ. ಮೇಲಿನ ಕೆಲಸ ಯಂತ್ರದ್ದು. ಒಂದೇ ಟೇಪಿನಲ್ಲಿ ಅನೇಕ ಪಟ್ಟಿಗಳಿದ್ದು, ಇಬ್ಬರು ಹೆಂಗಸರ ದನಿಯನ್ನೇ ಮತ್ತೆ ಮತ್ತೆ ಒಂದರ ಮೇಲೊಂದು ಮುದ್ರಿಸಿ ದೊಡ್ಡ ಮೇಳವನ್ನೇ ಮಾಡಬಹುದು. ಮದರಾಸಿನಲ್ಲಿ ಒಂದು ಕೋಣೆ ತುಂಬ ಜನ ಕುಳಿತು ಒಬ್ಬ ರಾಜಕುಮಾರರಿಗೆ ದನಿಯಾದರೆ, ಜರ್ಮನಿಯಲ್ಲಿ ಮೂವರ ದನಿ ಕೋಣೆ ತುಂಬ ಜನರಾಗುತ್ತಿತ್ತು.

ಆದರೂ ಇವರ ಹಾಡುಗಳಲ್ಲಿ ಒಂದನ್ನು ಕೇಳಿದರೆ ಡಿಸ್ಕೋ ಎಂದು ಮೂಗು ಮುರಿಯಲು ನನಗೆ ಮನಸ್ಸು ಬರುವುದಿಲ್ಲ. ‘ರಿವರ್ಸ್ ಆಫ್ ಬ್ಯಾಬಿಲಾನ್’ ಅದರ ಹೆಸರು. 1978ರಲ್ಲಿ ಬಂದು ಇಂಗ್ಲೆಂಡಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಅಲ್ಲಿಯೇ ಸುಮಾರು 20 ಲಕ್ಷ ಪ್ರತಿ ಖರ್ಚಾಯಿತು. ಹಾಡಿನ ಮೂಲ ಬೈಬಲಿನ 137ನೆಯ ಕೀರ್ತನೆ. ಸೆರೆಯಾಳುಗಳಾಗಿ ಬ್ಯಾಬಿಲೋನಿಗೆ ಒಯ್ಯಲ್ಪಟ್ಟ ಯೆಹೂದ್ಯರು ಅಲ್ಲಿನ ನದಿಗಳ ದಡದಲ್ಲಿ ಕುಳಿತಿದ್ದಾರೆ. ನಿಮ್ಮೂರಿನ ಹಾಡು ಹಾಡಿರೆಂದು ಸೆರೆಹಿಡಿದವರು ಕೇಳುತ್ತಾರೆ. ಅನ್ಯರ ನೆಲದಲ್ಲಿ ನಮ್ಮ ದೇವರ ಹಾಡನ್ನು ಹೇಗೆ ಹಾಡುವುದೆಂದು ಇವರು ಅಳುತ್ತಾರೆ. ಆ ಕೀರ್ತನೆಯನ್ನು ಗುಲಾಮರ ಸಂತತಿಯವರಾದ ಜಮೈಕಾದವರು ತಮ್ಮದೆಂದು ತಿಳಿದುಕೊಂಡರು. ಅಲ್ಲಿನ ಮೆಲೋಡಿಯನ್ಸ್ ಎಂಬ ತಂಡ 1970ರಲ್ಲಿ ಅದಕ್ಕೆ ಧಾಟಿ ಕೂಡಿಸಿ ಹಾಡಿತ್ತು. ಫಾರಿಯಾನ್ ಅದನ್ನು ಎತ್ತಿಕೊಂಡ. ಯೆಹೂದ್ಯರ ಮಾತು, ಜಮೈಕಾದ ಧಾಟಿ, ಜರ್ಮನಿಯ ಯಂತ್ರ, ಅರೂಬಾದವನ ಕುಣಿತ, ಕೇಳಿದವರು ಗಲ್ಫಿನಿಂದ ಮರಳಿದ ನಮ್ಮ ನೆರೆಯವರು! ಅವರಿಗೆ ಅದರ ಒಂದು ಪದವೂ ತಿಳಿದಿರಲಿಲ್ಲ. ಆದರೆ ಆ ಹಾಡು ಬಂದಾಗ ಅವರು ಮಾತು ನಿಲ್ಲಿಸುತ್ತಿದ್ದರು. ಮರುಭೂಮಿಯಲ್ಲಿ ವರ್ಷಗಟ್ಟಲೆ ಇದ್ದು ಬಂದವರಿಗೆ ಅರ್ಥ ಬೇರೆ ದಾರಿಯಿಂದ ಮುಟ್ಟಿರಲೂಬಹುದು.

ಫಾರಿಯಾನ್ ಮುಂದೆ ಇದೇ ವಿದ್ಯೆಯನ್ನು ಅತಿಮಾಡಿದ. ಮಿಲಿ ವೆನಿಲಿ ಎಂಬ ಇಬ್ಬರು ತರುಣರನ್ನು ಮುಂದೆ ನಿಲ್ಲಿಸಿ, ಬೇರೆಯವರಿಂದ ಹಾಡಿಸಿ ಪ್ರಪಂಚವನ್ನು ಗೆದ್ದ. ಅವರಿಗೆ ಅಮೆರಿಕದ ಗ್ರಾಮಿ ಪ್ರಶಸ್ತಿಯೂ ಬಂತು. ಸತ್ಯ ಹೊರಬಿದ್ದಾಗ, 1990ರಲ್ಲಿ, ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. ನಗೆಪಾಟಲಾದವರು ತುಟಿಯಾಡಿಸಿದ ಆ ತರುಣರು. ಬೋನಿ ಎಂ. 1986ರಲ್ಲಿ ಮುಗಿದಿತ್ತು. ಫಾರೆಲ್ ಮಾತ್ರ ಆ ಹೆಸರಿನಲ್ಲಿ ಊರೂರು ಕುಣಿಯುತ್ತಲೇ ಇದ್ದು 2010ರ ಡಿಸೆಂಬರ್ 30ರಂದು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಹೋಟೆಲೊಂದರಲ್ಲಿ ತೀರಿಕೊಂಡ. ರಾಸ್‌ಪುಟಿನ್ ಸತ್ತದ್ದೂ ಅದೇ ಊರಿನಲ್ಲಿ, 1916ರ ಅದೇ ತಾರೀಖಿನಂದು. ಫಾರಿಯಾನ್ 2024ರ ಜನವರಿಯಲ್ಲಿ ತೀರಿಕೊಂಡ.

ಒಬ್ಬರ ದನಿಗೆ ಇನ್ನೊಬ್ಬರು ತುಟಿಯಾಡಿಸುವುದು ಮೋಸವೆ? ಮೋಸವೆಂದಾದರೆ ನಾವೆಲ್ಲ ಎಂದೋ ಮೋಸಹೋಗಿದ್ದೇವೆ. ನನ್ನ ಅಭಿಪ್ರಾಯದಲ್ಲಿ ತಪ್ಪಿರುವುದು ದನಿ ಕೊಟ್ಟದ್ದರಲ್ಲಿ ಅಲ್ಲ, ದನಿ ಕೊಟ್ಟವರ ಹೆಸರು ಮುಚ್ಚಿಟ್ಟದ್ದರಲ್ಲಿ. ನಮ್ಮ ಸಿನಿಮಾದಲ್ಲಿ ಹೆಸರು ತೋರಿಸುವಾಗ ‘ಹಿನ್ನೆಲೆ ಗಾಯನ’ ಎಂಬ ಸಾಲು ಬರುತ್ತಿತ್ತು, ತಟ್ಟೆಯ ಮೇಲೆ ಗಾಯಕರ ಹೆಸರಿರುತ್ತಿತ್ತು, ಆಕಾಶವಾಣಿಯವರು ಹಾಡಿಗೆ ಮೊದಲು ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಎಂದು ಒಂದೊಂದಾಗಿ ಹೇಳುತ್ತಿದ್ದರು. ಆ ನಾಲ್ಕು ಹೆಸರು ಕೇಳಿ ಕೇಳಿಯೇ ಚಿ. ಉದಯಶಂಕರ್ ಯಾರೆಂದು ನಮ್ಮ ತಾಯಂದಿರಿಗೆ ಗೊತ್ತಿತ್ತು. ಈಗ ಮೊಬೈಲಿನಲ್ಲಿ ಹಾಡು ಬರುತ್ತದೆ, ಹೆಸರು ಬರುವುದಿಲ್ಲ.

ಹೆಸರಿನ ವಿಚಾರ ನನ್ನ ತಲೆಗೆ ಹೊಕ್ಕದ್ದು ಆದೋನಿಯಲ್ಲಿ. ಕಳೆದ ಬೇಸಗೆಯಲ್ಲಿ ಮಂತ್ರಾಲಯಕ್ಕೆ ಹೋದಾಗ, ಆ ಭಾಗದಲ್ಲಿ ಕನ್ನಡ ಕಲಿಸುವ ಮಿತ್ರರೊಬ್ಬರ ಮನೆಯಲ್ಲಿ ಎರಡು ದಿನ ನಿಂತೆ. ಆದೋನಿಯನ್ನು ಹಳಬರು ಆದವಾನಿ ಎನ್ನುತ್ತಾರೆ. ಹತ್ತಿಯ ಊರು. ಅರಳೆ ಬಿಡಿಸುವ ಮಿಲ್ಲುಗಳು, ಹತ್ತಿಯ ಮಾರುಕಟ್ಟೆ, ಮೇಲೆ ಬೆಟ್ಟದ ಕೋಟೆ. ಪೇಟೆಯಲ್ಲಿ ತೆಲುಗು, ಉರ್ದು, ಕನ್ನಡ ಮೂರೂ ಒಂದೇ ಮಾತಿನಲ್ಲಿ ಕೇಳಿಬರುವುದುಂಟು. ಜಿಲ್ಲೆಯ ಈ ಪಶ್ಚಿಮ ಅಂಚಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ಇವೆ. ಅವುಗಳ ಕಷ್ಟವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಹೆಸರು ಬದಲಿಸಿದರೆ ನಮ್ಮದೇ.

“ಹಾಡಂದ್ರ ಎಲ್ಲಾರೂ ಹಾಡ್ತಾರ್ರೀ ಸರ. ಬರೀರಿ ಅಂದ್ರ ಅರ್ಧ ಮಂದಿ ತೆಲುಗು ಅಕ್ಷರದಾಗ ಬರೀತಾರ” ಎಂದರು ಮಿತ್ರರು.

“ನಮ್ಮಲ್ಲಿಯೂ ಹಾಗೆಯೇ ಸರ್. ಮಲೆಯಾಳ ಅಕ್ಷರದಲ್ಲಿ ಬರೆಯುತ್ತಾರೆ” ಎಂದೆ ನಾನು.

ಅವರು ಮಕ್ಕಳ ಕೆಲವು ಪುಟಗಳನ್ನು ತೋರಿಸಿದರು. ಕನ್ನಡ, ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳಾದುದರಿಂದ ಬೆರಕೆ ಕೂಡ ಸುಲಭ. ಒಂದು ಪುಟದಲ್ಲಿ ತಲೆಕಟ್ಟು ತೆಲುಗಿನದು, ಒತ್ತಕ್ಷರ ಕನ್ನಡದ್ದು. ಬರೆದವನು ಕನ್ನಡದ ಮನೆಯ ಹುಡುಗ, ತೆಲುಗು ಮಾಧ್ಯಮದಿಂದ ಆ ವರ್ಷವಷ್ಟೇ ಇತ್ತ ಬಂದವನು. ಬರೆದದ್ದು ರಾಯರ ಹಾಡು. ಇದು ಕನ್ನಡ ಹಾಡಲ್ಲವೇನೋ, ಕನ್ನಡದಲ್ಲಿ ಬರಿ ಎಂದು ಮಿತ್ರರು ಹೇಳಿದಾಗ ಹುಡುಗ ಕೊಟ್ಟ ಉತ್ತರ ಇದು: “ಕನ್ನಡ ಹಾಡ ಅಲ್ರೀ ಸರ, ಸ್ವಾಮಿ ಹಾಡು.”

ಮಿತ್ರರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಹುಟ್ಟಿದಂದಿನಿಂದ ಕೇಳಿದ ಹಾಡು ಯಾವ ಭಾಷೆಯದೆಂದು ಹುಡುಗನಿಗೆ ಯಾರೂ ಹೇಳಿಲ್ಲ. ತಾನಾಡುವ ಮಾತಿಗೆ ಬರೆಯಲು ಬೇರೆ ಅಕ್ಷರಗಳಿವೆ, ಅವುಗಳಲ್ಲಿ ಪುಸ್ತಕಗಳಿವೆ ಎಂಬುದು ಅವನ ಲೆಕ್ಕದಲ್ಲಿ ಇಲ್ಲ. ಹಾಡಿನ ದನಿ ಅವನನ್ನು ತಲುಪಿದೆ, ಹೆಸರು ತಲುಪಿಲ್ಲ. ಕಿವಿಯಿಂದ ಬಂದ ಭಾಷೆ ಒಂದು ತಲೆಮಾರು ಉಳಿದೀತು. ಕಣ್ಣಿಗೆ ಬೀಳದಿದ್ದರೆ ಮುಂದಿನವರಿಗೆ ಅದು ಬರೇ ಧಾಟಿ, ನಮ್ಮ ನೆರೆಯವರಿಗೆ ಬ್ಯಾಬಿಲೋನಿನ ಹಾಡು ಇದ್ದಂತೆ.

ಆದೋನಿಯ ಐತಿಹ್ಯವೊಂದು ಇಲ್ಲಿ ನೆನಪಾಗುತ್ತದೆ. ಓದು ಬಾರದ ಅನಾಥ ಹುಡುಗ ವೆಂಕಣ್ಣನಿಗೆ ನವಾಬನು ಪತ್ರವೊಂದನ್ನು ಕೊಟ್ಟು ಓದೆನ್ನುತ್ತಾನೆ. ಹುಡುಗ ರಾಯರನ್ನು ನೆನೆಯುತ್ತಾನೆ, ಅಕ್ಷರಗಳು ತಾವಾಗಿ ಬಾಯಿಗೆ ಬರುತ್ತವೆ, ಮುಂದೆ ಅವನೇ ಆದೋನಿಯ ದಿವಾನನಾಗುತ್ತಾನೆ. ಮಂಚಾಲೆ ಗ್ರಾಮ ಮಠಕ್ಕೆ ದೊರೆತದ್ದು ಆ ದಿವಾನನ ಕಾಲದಲ್ಲಿ, ನವಾಬ ಸಿದ್ದಿ ಮಸೂದ್ ಖಾನನಿಂದ ಎನ್ನುತ್ತಾರೆ. ವೆಂಕಣ್ಣನಿಗೆ ಮಾಸ್ತರರು ಬೇಕಾಗಲಿಲ್ಲ. ಈಗಿನ ವೆಂಕಣ್ಣರಿಗೆ ಮಾಸ್ತರರು ಬೇಕು, ಹೊತ್ತಿಗೆ ಸರಿಯಾಗಿ ಪಠ್ಯಪುಸ್ತಕವೂ ಬೇಕು.

ತೆಲುಗಿನ ಮೇಲೆ ದೂರು ಹೊರಿಸಿ ಈ ಮಾತು ಮುಗಿಸುವ ಹಾಗೂ ಇಲ್ಲ. ರಾಜನ್–ನಾಗೇಂದ್ರರೇ ತೆಲುಗಿಗೆ ಹೋಗಿ ಕೆಲಸ ಮಾಡಿದವರು. ಶಿಕ್ಷಕಿಯೊಬ್ಬಳ ಹೆಸರು ಹೊತ್ತ ‘ಪಂತುಲಮ್ಮ’ ಚಿತ್ರಕ್ಕೆ 1977ರಲ್ಲಿ ಆಂಧ್ರ ಸರಕಾರದ ನಂದಿ ಪ್ರಶಸ್ತಿ ಪಡೆದರು. 1982ರ ‘ನಾಲುಗು ಸ್ತಂಭಾಲಾಟ’ದ ಹಾಡುಗಳನ್ನು ಆದೋನಿಯ ತೆಲುಗರು ಇಂದಿಗೂ ಗುನುಗುತ್ತಾರೆ. ಸಂಗೀತ ಕೊಟ್ಟವರು ಮೈಸೂರಿನವರೆಂದು ಮಿತ್ರರು ಹೇಳಿದಾಗ ಅಲ್ಲಿನ ತೆಲುಗು ಪಂಡಿತರೊಬ್ಬರು ನಂಬಲಿಲ್ಲವಂತೆ! ಕಾಕಿನಾಡದವರು ನಮಗೆ ಹಾಡಿದರು, ಮೈಸೂರಿನವರು ಅವರಿಗೆ ಧಾಟಿ ಕಟ್ಟಿದರು. ಈ ಕೊಡುಕೊಳೆಯಲ್ಲಿ ಯಾರ ಗಂಟೂ ಹೋಗಿಲ್ಲ. ಹೆಸರು ಗೊತ್ತಿದ್ದವರಿಗೆ ಇಬ್ಬರ ಮೇಲೂ ಅಭಿಮಾನ ಹುಟ್ಟುತ್ತದೆ.

ನಾಗೇಂದ್ರ 2000ದ ನವೆಂಬರಿನಲ್ಲಿ ತೀರಿಕೊಂಡರು. ಪಿ. ಬಿ. ಶ್ರೀನಿವಾಸ್ 2013ರ ಏಪ್ರಿಲಿನಲ್ಲಿ ಹೋದರು. ತಮ್ಮನಿಲ್ಲದೆ ಇಪ್ಪತ್ತು ವರ್ಷ ಬಾಳಿದ ರಾಜನ್ ಬೆಂಗಳೂರಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. 2020ರ ಸೆಪ್ಟೆಂಬರ್ 25ರಂದು ಬಾಲಸುಬ್ರಹ್ಮಣ್ಯಂ, ಅಕ್ಟೋಬರ್ 11ರಂದು ರಾಜನ್. ಹದಿನಾರು ದಿನಗಳ ಅಂತರ.

ಮಿತ್ರರು ಆ ಹುಡುಗನ ಮಾತು ಕೇಳಿದ ಮೇಲೆ ಒಂದು ಉಪಾಯ ಹೂಡಿದ್ದಾರೆ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಒಂದು ಹಾಡು. ಮೊದಲು ಮಕ್ಕಳು ಹಾಡಬೇಕು, ಆಮೇಲೆ ಕನ್ನಡ ಅಕ್ಷರದಲ್ಲಿ ಬರೆಯಬೇಕು, ಕೆಳಗೆ ಬರೆದವರು, ಧಾಟಿ ಕಟ್ಟಿದವರು, ಹಾಡಿದವರು ಎಂದು ಮೂರು ಹೆಸರು ಕಾಣಿಸಬೇಕು. ಹೆಸರು ತಿಳಿಯದಿದ್ದರೆ ಮನೆಯಲ್ಲಿ ಅಜ್ಜಿಯನ್ನೋ ಮಾವನನ್ನೋ ಕೇಳಿ ಬರಬೇಕು. ತೆಲುಗು ಮನೆಯ ಮಕ್ಕಳು ತೆಲುಗು ಹಾಡು ತಂದರೆ ಅದನ್ನೂ ಕನ್ನಡ ಅಕ್ಷರದಲ್ಲಿ ಬರೆಸುತ್ತಾರೆ. ತಲೆಕಟ್ಟಿನ ಪಾಠ ಅಲ್ಲಿಯೇ ಆಗುತ್ತದೆ. ನಾನು ಜೂನ್ ತಿಂಗಳಿನಿಂದ ನಮ್ಮ ಎಂಟನೆಯ ತರಗತಿಯಲ್ಲಿ ಇದನ್ನೇ ನಡೆಸುತ್ತಿದ್ದೇನೆ. ಮೊದಲ ವಾರ ಹನ್ನೊಂದು ಮಂದಿ ಬರೆದರು, ಉಳಿದವರು ಹಾಡಿದರಷ್ಟೇ. ಈಗ ಬರೆಯದವರು ನಾಲ್ವರು.

ನಮ್ಮ ತರಗತಿಯ ಪುಸ್ತಕದಲ್ಲಿ ಈ ತನಕ ಹತ್ತೊಂಬತ್ತು ಹಾಡುಗಳಾದವು. ಸಿನಿಮಾದ್ದಲ್ಲದ ಎರಡು ಭಕ್ತಿಗೀತೆಗಳ ಅಡಿಯಲ್ಲಿ ಮಾತ್ರ ಸಾಹಿತ್ಯ ಬರೆದವರ ಹೆಸರಿನ ಜಾಗ ಖಾಲಿಯಿದೆ. ಹಳೆಯ ಕ್ಯಾಸೆಟ್ಟುಗಳ ಹೊದಿಕೆಯನ್ನು ಜೋಪಾನವಾಗಿಟ್ಟುಕೊಂಡ ಓದುಗರಿದ್ದರೆ ನಮ್ಮ ಶಾಲೆಯ ಮಕ್ಕಳ ಕೈಯಲ್ಲಿ ಕೊಟ್ಟು ಕಳುಹಿಸಬಹುದು. ಹೆಸರು ಬರೆದುಕೊಂಡು ಹಿಂತಿರುಗಿಸುತ್ತೇವೆ.